ಗರುಗವೋ ಜಯಂತಿಯೋ

ಮೊನ್ನೆ ಸೊಪ್ಪಿನ ಅಜ್ಜಿ ಬಾಗಿಲಿಗೆ ಬಂದು, "ಕೇಳ್ತಿದ್ರಲ್ಲವ್ವಾ ಗರುಗ, ತಂದಿವ್ನಿ ತಗಳ್ಳಿ" ಎಂದು ಪುಟ್ಟಿಯಿಂದ ಒಂದು ಕಟ್ಟು ತೆಗೆದು ಜಗಲಿಯ ಮೇಲಿಟ್ಟರು. ಬಾಳೆನಾರು ಬಿಚ್ಚಿದೆ. ಹಸಿರೇನೋ ಹಸಿರೇ, ಹೂವೂ ಬಿಳಿಯದೇ. ಆದರೆ ಗೇಣುದ್ದದ ಬೋಳು ತೊಟ್ಟು, ಅದರ ನೆತ್ತಿಯಲ್ಲಿ ಒಂದೇ ಒಂದು ಹೂ. ಅದು ಗರುಗವಲ್ಲ, ಜಯಂತಿ. ಕೆಲವು ಕಡೆ ಗಬ್ಬುಸೇವಂತಿ ಅನ್ನುತ್ತಾರಲ್ಲ, ಅದೇ. ಅಜ್ಜಿಯನ್ನು ತಪ್ಪು ಹಿಡಿಯುವ ಹಾಗಿಲ್ಲ. ಎರಡೂ ಸೇವಂತಿಗೆಯ ವಂಶದವು. 25,000ಕ್ಕೂ ಹೆಚ್ಚು ಜಾತಿಗಳಿರುವ ಮನೆತನದಲ್ಲಿ ದಾಯಾದಿಗಳ ಮುಖ ಹೋಲದೆ ಇರುತ್ತದೆಯೇ?

ಹೂ ಅಂದೆನಲ್ಲ, ಅದು ಒಂದು ಹೂವಲ್ಲ ಎಂಬುದೇ ಈ ವಂಶದ ಸೊಗಸು. ನಡುವೆ ಕಾಣುವ ಹಳದಿ ಚುಕ್ಕೆಗಳಲ್ಲಿ ಒಂದೊಂದೂ ಒಂದು ಇಡೀ ಹೂ. ಅಂಚಿನಲ್ಲಿ ಎಸಳು ಎಂದು ನಾವು ಕರೆಯುವುದೂ ಒಂದೊಂದು ಹೂವೇ. ಎಲ್ಲ ಸೇರಿ ಒಂದೇ ಹೂವಿನ ಹಾಗೆ ದುಂಬಿಯನ್ನು ಕರೆಯುತ್ತವೆ. ಸೂರ್ಯಕಾಂತಿಯಲ್ಲಿ ಇದು ಮಕ್ಕಳಿಗೂ ತಿಳಿಯುತ್ತದೆ, ಬೀಜಕ್ಕೊಂದು ಹೂ ಲೆಕ್ಕ. ಹುಚ್ಚೆಳ್ಳೂ ಹಾಗೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟದ್ದನ್ನು ನೋಡಿದ್ದೀರಾ? ಹಸಿರು ಸೀರೆಗೆ ಹಳದಿ ಅಂಚು ಕಟ್ಟಿದ ಹಾಗಿರುತ್ತದೆ. ಎಣಿಸಿದರೆ ಅಂಚಿನ ಎಸಳು ಎಂಟು. ಧಾರವಾಡದ ಕಡೆ ಅದನ್ನೇ ಗುರೆಳ್ಳು ಎಂದು ಕುಟ್ಟಿ, ರೊಟ್ಟಿಯ ಪಕ್ಕದಲ್ಲಿ ಚಟ್ನಿಪುಡಿಯಾಗಿ ಬಡಿಸುತ್ತಾರೆ. ಮೇಲೊಂದಿಷ್ಟು ಗಟ್ಟಿ ಮೊಸರು ಬಿದ್ದರಂತೂ... ಇರಲಿ, ಊಟಕ್ಕೆ ಇನ್ನೂ ಹೊತ್ತಿದೆ.

ಎಸಳಿನ ಮಾತು ಆಡುತ್ತಿದ್ದೆ. ಜಯಂತಿಗೆ ಸಾಮಾನ್ಯವಾಗಿ ಐದು ಎಸಳು. ಕೆನೆಬಣ್ಣದವು, ಅಗಲ, ತುದಿಯಲ್ಲಿ ಮೂರು ಹಲ್ಲು. ಗರುಗದ ಎಸಳು ನೂಲಿನೆಳೆಯಂಥ ಬಿಳಿ ಚೂರುಗಳು, ಎಣಿಸಲು ಕೂತರೆ ಲೆಕ್ಕ ತಪ್ಪುತ್ತದೆ. ಇಡೀ ಹೂ ಕಿರುಬೆರಳಿನ ಉಗುರಷ್ಟೂ ಇಲ್ಲ, ಎಲೆಯ ಸಂದಿಯಲ್ಲಿ ಗಿಡ್ಡ ತೊಟ್ಟಿನ ಮೇಲೆ ಮುದುಡಿ ಕೂತಿರುತ್ತದೆ. ಜಯಂತಿಯ ಎಲೆಯಂಚಿಗೆ ಒರಟು ಹಲ್ಲು, ಗರುಗದ ಎಲೆ ನೀಳ, ಅಂಚು ಹೆಚ್ಚುಕಡಿಮೆ ಸಪಾಟು. ಆದರೆ ನಮ್ಮ ಹಿರಿಯರು ಎಲೆ ಎಸಳು ನೋಡುವ ಮೊದಲೇ ಗಿಡ ನಿಂತ ನೆಲ ನೋಡುತ್ತಿದ್ದರು. ಗರುಗಕ್ಕೆ ಕಾಲಡಿ ತೇವ ಇರಬೇಕು. ಗದ್ದೆಯ ಬದು, ಕಾಲುವೆಯ ಅಂಚು, ಬಚ್ಚಲ ನೀರು ಹರಿದು ನಿಲ್ಲುವ ಹಿತ್ತಲು ಅದರ ತವರು. ಜಯಂತಿಗೆ ರೈಲುಹಳಿಯ ಜಲ್ಲಿಯೂ ಸಾಕು.

ಅಮೆರಿಕ ಖಂಡದ ಬಿಸಿನಾಡುಗಳ ಈ ಜಯಂತಿ ನಮ್ಮೂರ ಹಾದಿಬದಿಯನ್ನೆಲ್ಲ ಹೀಗೆ ತುಂಬಿದ್ದು ಹೇಗೆ? ಬಲಿತ ತಲೆಯೊಂದನ್ನು ಅಂಗೈಗೆ ಉದುರಿಸಿ ಊದಿ ನೋಡಿ. ಒಂದೊಂದು ಬೀಜಕ್ಕೂ ಗರಿಯಂಥ ಕೂದಲಿನ ಜುಟ್ಟು, ಗಾಳಿ ಸಿಕ್ಕಿದರೆ ಹೊರಟೇಬಿಡುತ್ತದೆ. ಗರುಗದ ಕಪ್ಪು ಬೀಜಕ್ಕೆ ಆ ಜುಟ್ಟಿಲ್ಲ. ಇಲ್ಲದಿರುವುದೇ ಅದರ ಗುರುತು, ಶಾಸ್ತ್ರದ ಹೆಸರೂ ಅದರಿಂದಲೇ ಬಂದದ್ದು. ಎಕ್ಲಿಪ್ಟಾ ಎಂದರೆ ಗ್ರೀಕಿನಲ್ಲಿ ಕೊರತೆಯುಳ್ಳದ್ದು ಎಂದರ್ಥ. ಗ್ರಹಣಕ್ಕೆ ಇಂಗ್ಲಿಷಿನಲ್ಲಿ ಎಕ್ಲಿಪ್ಸ್ ಅನ್ನುತ್ತೇವಲ್ಲ, ಅದರ ಬೇರೂ ಇದೇ. ಸೂರ್ಯ ಕಾಣದಾಗುವುದಕ್ಕೂ ಬೀಜಕ್ಕೆ ಜುಟ್ಟಿಲ್ಲದ್ದಕ್ಕೂ ಒಂದೇ ಮಾತು! ಇನ್ನೂ ಸ್ವಾರಸ್ಯವೆಂದರೆ, 1753ರಲ್ಲಿ ಲಿನೇಯಸ್ ಈ ಒಂದೇ ಗಿಡವನ್ನು ಎರಡು ಜಾತಿ ಎಂದು ತಿಳಿದು ಎರಡು ಹೆಸರಿಟ್ಟ. ಹಾಗಾಗಿ ಒಂದು ಎಣ್ಣೆಸೀಸೆಯ ಮೇಲೆ ಎಕ್ಲಿಪ್ಟಾ ಆಲ್ಬಾ, ಇನ್ನೊಂದರ ಮೇಲೆ ಎಕ್ಲಿಪ್ಟಾ ಪ್ರಾಸ್ಟ್ರೇಟಾ ಎಂದಿದ್ದರೆ ಗಾಬರಿ ಬೇಡ, ಒಳಗಿರಬೇಕಾದದ್ದು ಗರುಗವೇ.

ನಮ್ಮಜ್ಜಿಗೆ ಗ್ರೀಕೂ ಬೇಡ, ಬೀಜವೂ ಬೇಡ. ದಂಟು ಚಿವುಟಿ ಸುಮ್ಮನೆ ಕಾಯುತ್ತಿದ್ದರು. ಗರುಗವಾದರೆ ಚಿವುಟಿದ ಬಾಯಿ ನೋಡನೋಡುತ್ತಲೇ ಕಪ್ಪಾಗುತ್ತದೆ, ರಸಕ್ಕೆ ಗಾಳಿ ತಾಕಿದ್ದೇ ತಡ. ಕಾಡಿಗೆ ಮಾಡುವ ದಿನ ಹಿತ್ತಲಿನ ಒರಳಲ್ಲಿ ಸೊಪ್ಪು ಜಜ್ಜಿ, ಹಳೆಯ ಮಲ್ಲು ಪಂಚೆಯ ತುಂಡನ್ನು ರಸದಲ್ಲಿ ನೆನೆಸಿ ನೆರಳಿಗೆ ಹರವುತ್ತಿದ್ದರು. ಒಣಗಿದ ಮೇಲೆ ಮತ್ತೆ ನೆನೆಸು, ಮತ್ತೆ ಒಣಗಿಸು. ಕೊನೆಗೆ ಆ ಬಟ್ಟೆಯನ್ನು ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚುತ್ತಿದ್ದರು. ರಾತ್ರಿಯೆಲ್ಲ ಉರಿದು ಬೆಳಗಿನ ಹೊತ್ತಿಗೆ ತಟ್ಟೆಯ ತಳದಲ್ಲಿ ಮಖಮಲ್ಲಿನಂಥ ಮಸಿ. ಬೆಣ್ಣೆಯಲ್ಲಿ ಮಿದ್ದಿ ಕರಡಿಗೆಗೆ ತುಂಬುವಾಗ ಉಸಿರು ಜೋರಾಗಿ ಬಿಟ್ಟರೂ ಗದರಿಕೊಳ್ಳುತ್ತಿದ್ದರು. ಕಾಡಿಗ್ಗರುಗ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಆ ಹರಳೆಣ್ಣೆಯ ಹೊಗೆಯ ವಾಸನೆ ಬರುತ್ತದೆ.

ಹಳದಿ ಗರುಗ ಎಂಬ ಇನ್ನೊಂದಿದೆ. ಅದೂ ತೇವದ ಗಿಡ, ಅದೂ ಮದ್ದಿನ ಗಿಡ, ಹೂ ಮಾತ್ರ ಚಿನ್ನದ ಬಣ್ಣ. ನನಗೆ ಸಂಕಟವಾಗುವುದು ಇದರ ವಿಷಯದಲ್ಲೇ. ಪಾರ್ಕುಗಳಲ್ಲಿ, ರಸ್ತೆಯ ನಡುವಿನ ಕಟ್ಟೆಗಳಲ್ಲಿ ಇದರದೇ ಹೋಲಿಕೆಯ ಅಮೆರಿಕದ ಸೋದರ ಬಳ್ಳಿಯನ್ನು ನೆಟ್ಟಿದ್ದಾರೆ. ನಮ್ಮದರ ಎಲೆ ನೀಳ, ಇಡಿಯಾದದ್ದು. ಅದರ ಎಲೆಗೆ ಎರಡು ಕಡೆ ಕಿವಿ ಮೂಡಿ ಮೂರು ಸೀಳಾಗಿರುತ್ತದೆ. ಗೆಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಟ್ಟು, ತೋಡಿನ ಪಕ್ಕದ ಹುಲ್ಲುಸಸಿಯನ್ನೆಲ್ಲ ಮುಚ್ಚಿ ಹರಡುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ. ಹೂ ಚೆಂದ ಎಂದು ಒಂದು ತುಂಡು ಮುರಿದು ಮನೆಗೆ ತರುವ ಮುಂಚೆ ದಯವಿಟ್ಟು ಆ ಎಲೆಯ ಕಿವಿ ನೋಡಿ.

ಜಯಂತಿಯ ಕಟ್ಟನ್ನು ನಾನು ವಾಪಸು ಕೊಡಲಿಲ್ಲ. ಕೈ ಕುಯ್ದುಕೊಂಡರೆ ಅರೆದು ಹಚ್ಚುವ ಸೊಪ್ಪು, ಇರಲಿ ಎಂದು ಇಟ್ಟುಕೊಂಡೆ. ಸೊಪ್ಪಿನ ಅಜ್ಜಿಗೆ ಚಿವುಟಿ ನೋಡುವ ಉಪಾಯ ಹೇಳಿದೆ. ಇವತ್ತು ಬೆಳಗ್ಗೆ ಮತ್ತೆ ಬಂದರು. ಕಟ್ಟು ಬಿಚ್ಚುವುದಕ್ಕೂ ಬಿಡದೆ ತಾವೇ ಒಂದು ದಂಟು ಚಿವುಟಿ ಬಿಸಿಲಿಗೆ ಹಿಡಿದು, "ತಡೀರವ್ವಾ, ಈಗ ನೋಡಿ" ಅಂದರು. ಇಬ್ಬರೂ ಜಗಲಿಯ ಮೇಲೆ ಕೂತು, ಅದು ಕಪ್ಪಾಗುವುದನ್ನೇ ಕಾದೆವು.