ದತ್ತಮಂಡಲದ ಮಕ್ಕಳು, ಸಮಾಜದ ಪಿರಿಯಡ್ಡು

ಹರಪನಹಳ್ಳಿ ಕಡೆಯ ಒಂದು ಪ್ರೌಢಶಾಲೆ, ಹತ್ತನೇ ತರಗತಿ. ಬೋರ್ಡಿನ ಮೇಲೆ ‘ಸಹಾಯಕ ಸೈನ್ಯ ಪದ್ಧತಿ’. ಎದ್ದು ನಿಂತ ಹುಡುಗಿ ಒಂದೇ ಉಸಿರಿಗೆ ಒಪ್ಪಿಸಿದಳು: ಜಾರಿಗೆ ತಂದವನು ವೆಲ್ಲೆಸ್ಲಿ, ವರ್ಷ 1798, ಮೊದಲು ಒಪ್ಪಿದವನು ಹೈದರಾಬಾದಿನ ನಿಜಾಮ. ಸೈನ್ಯದ ಖರ್ಚು ಕೊಡಬೇಕು, ಇಲ್ಲವೇ ಅದರ ಬದಲು ಪ್ರದೇಶ ಬಿಟ್ಟುಕೊಡಬೇಕು. ಒಂದಕ್ಷರ ತಪ್ಪಲಿಲ್ಲ. ಆದರೆ ಆ ಖರ್ಚಿನ ಲೆಕ್ಕಕ್ಕೆ 1800ರಲ್ಲಿ ನಿಜಾಮ ಕಂಪನಿಗೆ ಬರೆದುಕೊಟ್ಟ ನೆಲ ಯಾವುದು? ಬಳ್ಳಾರಿ, ಅನಂತಪುರ, ಕಡಪ ಸೀಮೆ. ಅಂದರೆ ಅವಳು ನಿಂತಿದ್ದ ಜಾಗವೇ. ‘ದತ್ತಮಂಡಲ’ ಎಂಬ ಹೆಸರು ಬಂದದ್ದೇ ಹಾಗೆ. ಪಾಠದ ಆ ಷರತ್ತು ಅವಳ ಕಾಲಕೆಳಗೇ ಇತ್ತು. ಯಾರೂ ಕೆಳಗೆ ನೋಡಲಿಲ್ಲ. ಯಾಕೆ ಎಂದು ನನಗೆ ಆವತ್ತಿನಿಂದಲೂ ತಿಳಿಯುತ್ತಿಲ್ಲ.

ಮೇಷ್ಟ್ರನ್ನು ದೂರುವಂತಿಲ್ಲ. 80 ಅಂಕದ ಪ್ರಶ್ನೆಪತ್ರಿಕೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವನ್ನೂ ಒಬ್ಬರೇ ಮುಗಿಸಬೇಕು. ಡಿಸೆಂಬರ್ ದಾಟಿದರೆ ಪಾಸಿಂಗ್ ಪ್ಯಾಕೇಜು, ಸರಣಿ ಪರೀಕ್ಷೆ. ದತ್ತಮಂಡಲಕ್ಕೆ ಅಂಕ ಇಲ್ಲ.

ಮರುದಿನ ರೈತವಾರಿ ಪದ್ಧತಿ. ಥಾಮಸ್ ಮನ್ರೋ ಹೆಸರು ಬಂತು, ಹೋಯಿತು. ಅವನು 1800ರಿಂದ 1807ರವರೆಗೆ ಇದೇ ಸೀಮೆಯ ಪ್ರಧಾನ ಕಲೆಕ್ಟರ್. ಪಾಳೆಯಗಾರರನ್ನು ಬದಿಗೆ ಸರಿಸಿ, ಹೊಲ ಹೊಲವನ್ನೂ ಅಳೆಸಿ, ರೈತನ ಹೆಸರಿಗೆ ನೇರವಾಗಿ ಕಂದಾಯ ಕಟ್ಟಿದ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅದೇ ತರಗತಿಯ ಹುಡುಗನೊಬ್ಬ ತಮ್ಮ ಪಹಣಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಾಗಿ ಬೆಳೆವಿಮೆ ನಿಂತುಹೋದ ಕಥೆ ಹೇಳಿದ. ಸರ್ವೆ ನಂಬರು, ಖಾತೆ, ಪೋಡಿ, ಎಲ್ಲ ಅವನ ನಾಲಗೆ ತುದಿಯಲ್ಲಿ. ಬೆಳಿಗ್ಗೆ ರೈತವಾರಿ ಎಂದರೇನು ಎಂದು ಕೇಳಿದಾಗ ತಲೆ ತಗ್ಗಿಸಿದ್ದವನೂ ಅವನೇ.

ಹರಪನಹಳ್ಳಿಯ ಒಬ್ಬ ಅಜ್ಜನನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ, 1940ರಲ್ಲಿ ಹುಟ್ಟಿದವರು. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ಕ್ಕೆ ಮೈಸೂರು ರಾಜ್ಯ. 1973ಕ್ಕೆ ಅದಕ್ಕೆ ಕರ್ನಾಟಕವೆಂಬ ಹೆಸರು. 1997ಕ್ಕೆ ದಾವಣಗೆರೆ ಜಿಲ್ಲೆ. 2018ರಲ್ಲಿ ತಿರುಗಿ ಬಳ್ಳಾರಿ. 2021ಕ್ಕೆ ವಿಜಯನಗರ. ಮನೆಯ ಹೊಸ್ತಿಲು ಮಾತ್ರ ಅಲ್ಲೇ ಇದೆ. ರಾಜ್ಯಶಾಸ್ತ್ರ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ? ಗಡಿಯನ್ನು ಯಾರು ಎಳೆಯುತ್ತಾರೆ, ಯಾರು ಕೇಳಿಕೊಳ್ಳುತ್ತಾರೆ, ಜಿಲ್ಲಾ ಕಚೇರಿ ಹತ್ತಿರವಾದರೆ ಯಾರಿಗೆ ಬಸ್ ಚಾರ್ಜು ಉಳಿಯುತ್ತದೆ? ಕೊಟ್ಟೂರಿನ ಮಕ್ಕಳಿಗಂತೂ ಇದು ಕಣ್ಣೆದುರಿನದು. ಮೊನ್ನೆ ಮೊನ್ನೆಯವರೆಗೆ ಅವರದು ಕೂಡ್ಲಿಗಿ ತಾಲ್ಲೂಕು.

ನವೆಂಬರ್ 1. ಭಾಷಣಕ್ಕೆ ನಿಂತ ಹುಡುಗ ‘1956ರಲ್ಲಿ ನಾವೆಲ್ಲ ಒಂದಾದೆವು’ ಎಂದ. ಚಪ್ಪಾಳೆ. ನಾನೂ ತಟ್ಟಿದೆ, ತಟ್ಟುತ್ತಲೇ ಕಸಿವಿಸಿಯಾಯಿತು. ಈ ಸೀಮೆ ಒಂದಾದದ್ದು ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ಹುಟ್ಟಿದ ದಿನವೇ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ ತಾಲ್ಲೂಕಿನ ತಕರಾರಿಗೆ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯೇ ಬೇಕಾಯಿತು. ಮೈಸೂರಿಗೆ ಸೇರುವ ಆ ಸಂಭ್ರಮದ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ಪ್ರಾಣ ಕೊಟ್ಟವರು ಪಿಂಜಾರ ರಂಜಾನ್ ಸಾಬ್. ಆ ಹೆಸರನ್ನು ನಾನು ಕೇಳಿದ ಮೂರು ತರಗತಿಗಳಲ್ಲಿ ಒಬ್ಬ ಹುಡುಗಿ ಮಾತ್ರ ಗುರುತಿಸಿದಳು. ಅಮ್ಮ ಹೇಳಿದ್ದರಂತೆ. ನನಗೆ ಬೇಸರವಾದದ್ದು ನಿಜ.

ಇನ್ನೊಂದು ಬಿಡಿಸಲಾಗದ ಗಂಟು ಸೆಪ್ಟೆಂಬರ್ 17. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡ ದಿನ, ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲೂ ಬಾವುಟ ಏರುತ್ತದೆ. ಆದರೆ ಈ ನೆಲ ನಿಜಾಮನ ಕೈಬಿಟ್ಟು ಆಗಲೇ 148 ವರ್ಷವಾಗಿತ್ತು! ಕಲ್ಯಾಣ ಕರ್ನಾಟಕದ, ಅಂದರೆ ಆಗಿನ ಹೈದರಾಬಾದ್ ಕರ್ನಾಟಕದ, ಪಟ್ಟಿಗೆ ಬಳ್ಳಾರಿ ಸೇರಿದ್ದು ಹಿಂದುಳಿದಿರುವಿಕೆಯ ಕಾರಣಕ್ಕೆ, ನಿಜಾಮನ ಕಾರಣಕ್ಕಲ್ಲ. ಇದನ್ನು ಬಿಡಿಸಿ ಹೇಳಿದರೆ ಸಂವಿಧಾನದ 371ಜೆ ವಿಧಿ ಮಕ್ಕಳಿಗೆ ಕೈಗೇ ಸಿಗುತ್ತದೆ. ಆ ವಿಧಿಯ ಮೀಸಲಾತಿ ಸರ್ಟಿಫಿಕೇಟಿಗೆ ನಾಡಕಚೇರಿಯಲ್ಲಿ ಕ್ಯೂ ನಿಂತ ಅಣ್ಣಂದಿರು ಅವರ ಮನೆಗಳಲ್ಲೇ ಇದ್ದಾರೆ.

ಹಡಗಲಿಯ ಒಂದು ಶಾಲೆ. ಮೈಲಾರದ ಕಾರ್ಣಿಕಕ್ಕೆ, ಅಂದರೆ ವರ್ಷದ ಭವಿಷ್ಯ ನುಡಿ ಕೇಳಲು, ಹೋಗಿಬಂದ ಮಕ್ಕಳ ಮಾತು ಕೇಳಿದೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ಶುರು. ಮಳೆಯ ಮಾತೆಂದು ಒಬ್ಬಳು. ಸರ್ಕಾರದ ಮಾತೆಂದು ಇನ್ನೊಬ್ಬ. ‘ಅವ್ನು ಅಂದಿದ್ದು ಆ ಪದನೇ ಅಲ್ಲ ಬಿಡ್ಲೇ, ನಾ ಹತ್ರ ಇದ್ದೆ’ ಎಂದು ಮೂರನೆಯವನು. ಕೇಳಿದವರು ಯಾರು, ಎಷ್ಟು ದೂರದಲ್ಲಿದ್ದರು, ಅರ್ಥ ಹಚ್ಚಿದವರಿಗೆ ಏನು ಬೇಕಾಗಿತ್ತು ಎಂದು ಹದಿನೈದು ನಿಮಿಷ ಜಗಳವಾಡಿದರು. ಇತಿಹಾಸದ ಆಧಾರಗಳನ್ನು ಪರೀಕ್ಷಿಸುವುದೆಂದರೆ ಇದೇ ಅಲ್ಲವೇ? ಬೆಲ್ಲು ಹೊಡೆಯಿತು. ಒಳಗೆ ಹೋಗಿ ಕೈಕಟ್ಟಿ ಕೂತವರಿಗೆ ಮತ್ತೆ ಮಾತೇ ಬರಲಿಲ್ಲ.

ಹಗರಿಬೊಮ್ಮನಹಳ್ಳಿಯ ಇನ್ನೊಂದು ಶಾಲೆ. ಬೋರ್ಡಿನ ಮೇಲೆ ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಯ ಉದ್ದೇಶಗಳು.’ ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ. ಮುಳುಗಡೆ ಎಂಬ ಪದ ಆ ಪಟ್ಟಿಯಲ್ಲಿರಲಿಲ್ಲ. ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟು ಬಂದವರ ಮೊಮ್ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡರು.

ಕೊನೆಗೆ, ಮೊದಲ ಶಾಲೆಯ ಮೇಷ್ಟ್ರು ಒಂದು ಶನಿವಾರ ಮನೆಯಲ್ಲಿರುವ ಹಳೇ ಕಾಗದ ತರಲು ಹೇಳಿದರು. ಹೆಚ್ಚಿನವರು ರೇಷನ್ ಕಾರ್ಡು ತಂದರು. ಷರತ್ತು ಒಪ್ಪಿಸಿದ ಆ ಹುಡುಗಿ ಪ್ಲಾಸ್ಟಿಕ್ ಚೀಲದಿಂದ 1946ರ ಒಂದು ಕ್ರಯಪತ್ರ ತೆಗೆದಳು. ಮಡಿಕೆಯ ಗೆರೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಹಿಂದಿನಿಂದ ಕ್ಯಾಲೆಂಡರಿನ ಕಾಗದ ಅಂಟಿಸಿದ್ದರು. ಮೇಲೆ ಜಾರ್ಜ್ ದೊರೆಯ ತಲೆ. ಮೋಡಿ ಅಕ್ಷರದಂಥ ಕನ್ನಡದಲ್ಲಿ ಬೆರಳಿಟ್ಟು ಓದಿದಳು: ‘ಬಳ್ಳಾರಿ ಜಿಲ್ಲಾ... ಹರಪನಹಳ್ಳಿ ತಾಲ್ಲೂಕು...’ ನಿಂತಳು. ‘ಸಾರ್, ಹೊಲ ನಮ್ದು. ಮ್ಯಾಲೆ ಈ ರಾಜನ ಮುಖ ಯಾಕೈತಿ?’

ಮೇಷ್ಟ್ರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಹಿಂದಿನ ಬೆಂಚಿನವರು ಕಾಣಲೆಂದು ಬೆಂಚು ಹತ್ತಿ ನಿಂತರು.