ಸಾಲಿನಲ್ಲಿ ಹಿಂದೆ ನಿಂತವರು

ಕತ್ರಿಗುಪ್ಪೆಗೆ ರೈಲು ಬರುವುದಿಲ್ಲ. ಆದರೂ ಬೆಳಗಾದರೆ ಕತ್ರಿಗುಪ್ಪೆಯ ಎಷ್ಟೋ ಜನ ರೈಲಿನ ಕಡೆಗೇ ಮುಖ ಮಾಡಿರುತ್ತಾರೆ. ವಾಟರ್ ಟ್ಯಾಂಕ್ ಹತ್ತಿರ ಬಸ್ಸು ಹಿಡಿದು, ರಿಂಗ್ ರಸ್ತೆಯ ಸಿಗ್ನಲ್ಲುಗಳನ್ನು ಒಂದೊಂದಾಗಿ ದಾಟಿ, ಬನಶಂಕರಿಯಲ್ಲಿ ಇಳಿದು, ಮೆಟ್ಟಿಲು ಹತ್ತಿ ಮೆಟ್ರೊ ಹಿಡಿಯುವ ಆ ಗುಂಪಿನಲ್ಲಿ ನಾನೂ ಒಬ್ಬಳು. ಹಸಿರು ಮಾರ್ಗ 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗೆ ಬಂದ ಮೇಲೆ ನಮ್ಮ ಕಡೆಯವರ ದಿನಚರಿಯೇ ಬದಲಾಯಿತು. ಮಾರುಕಟ್ಟೆ ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ಮುಂಚೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ ಹಿಡಿಯುತ್ತಿತ್ತು. ಈಗ ಬನಶಂಕರಿಯಲ್ಲಿ ಹತ್ತಿದರೆ ಜಯನಗರ, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ಅನ್ನುವಷ್ಟರಲ್ಲಿ ರೈಲು ನೆಲದೊಳಗೆ ಇಳಿಯುತ್ತದೆ, ಮಾರುಕಟ್ಟೆ ಬಂದೇಬಿಡುತ್ತದೆ.

ಕತೆ ಬರೆಯುವವರಿಗೆ ನಿಲ್ದಾಣದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎನ್ನುತ್ತಾರೆ. ನನಗೆ ಕತೆಗಿಂತ ಹೆಚ್ಚಾಗಿ ಅಲ್ಲಿ ಕಾಣುವುದು ಸಾಲು. ಟಿಕೆಟ್ಟಿಗೆ ಒಂದು ಸಾಲು, ಬ್ಯಾಗನ್ನು ಯಂತ್ರದೊಳಗೆ ಹಾಕಲು ಒಂದು ಸಾಲು, ಹೆಂಗಸರ ತಪಾಸಣೆಗೆ ಪರದೆಯ ಹತ್ತಿರ ಒಂದು ಸಾಲು, ಒಳಗೆ ಹೋಗುವ ಗೇಟಿನ ಮುಂದೆ ಮತ್ತೊಂದು. ಐ.ಟಿ. ಕಂಪನಿಯ ಹುಡುಗಿ, ಮನೆಗೆಲಸದ ಹೆಂಗಸು, ಮಗುವನ್ನು ಎತ್ತಿಕೊಂಡ ತಾಯಿ, ಬುರ್ಖಾ ಹಾಕಿದ ನಾನು, ಎಲ್ಲರೂ ಒಬ್ಬರ ಬೆನ್ನು ಒಬ್ಬರು ನೋಡುತ್ತಾ ನಿಂತಿರುತ್ತೇವೆ. ಮದುವೆ ಮನೆಯಲ್ಲೂ, ಆಸ್ಪತ್ರೆಯಲ್ಲೂ, ಮಕ್ಕಳ ಶಾಲೆಯಲ್ಲೂ ಇಷ್ಟು ಬಗೆಯ ಜನ ಇಷ್ಟು ಹತ್ತಿರ ನಿಲ್ಲುವುದಿಲ್ಲ.

ಆಮೇಲೆ ಆ ದನಿ. ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ಹೇಳುತ್ತಾ ಬಂದದ್ದು ನಿರೂಪಕಿ ಅಪರ್ಣಾ ಅವರ ದನಿ. 2024ರ ಜುಲೈ 11ರಂದು ಅವರು ತೀರಿಕೊಂಡರು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದವಳು ನಾನು. 'ಳ'ಕಾರ, 'ಣ'ಕಾರ ನಾಲಿಗೆಗೆ ಹೊರಳದೆ ತರಗತಿಯಲ್ಲಿ ನಗೆಗೀಡಾಗುತ್ತಿದ್ದವಳು. ಅಂಥವಳಿಗೆ ಆ ಸ್ಪಷ್ಟವಾದ, ಅವಸರವಿಲ್ಲದ ಕನ್ನಡ ಕೇಳುವುದೇ ಒಂದು ಖುಷಿ. ಆ ದನಿಗೆ ನಾವೆಲ್ಲರೂ ಪ್ರಯಾಣಿಕರು. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಜಾತಿ, ಮತ, ಬಟ್ಟೆ, ಸಂಬಳ ಏನನ್ನೂ ಕೇಳದೆ ಕೊಡುವ ಹೆಸರು ಅದು.

ಆದರೆ ಆ ಹೆಸರು ಎಲ್ಲರಿಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮದೇ ಹಸಿರು ಮಾರ್ಗದ ರಾಜಾಜಿನಗರ ನಿಲ್ದಾಣದಲ್ಲಿ 2024ರ ಫೆಬ್ರವರಿಯಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಒಬ್ಬ ರೈತ ಬಂದ. ಅವನ ಹತ್ತಿರ ಟಿಕೆಟ್ ಇತ್ತು. ಬಟ್ಟೆ ಕೊಳೆಯಾಗಿದೆ ಎಂದು ತಪಾಸಣೆಯ ಜಾಗದಲ್ಲಿ ಅವನನ್ನು ತಡೆದರು. ಅವನು ಜಗಳವಾಡಲಿಲ್ಲ. ಜಗಳವಾಡಿದ್ದು ಅಲ್ಲಿದ್ದ ಇತರ ಪ್ರಯಾಣಿಕರು. ಇಂಥ ಬಟ್ಟೆ ಹಾಕಿಕೊಂಡವರು ಬರಬಾರದೆಂದು ಯಾವ ನಿಯಮದಲ್ಲಿದೆ ಎಂಬುದು ಅವರ ಪ್ರಶ್ನೆ. ಅವರಲ್ಲೇ ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಚಿತ್ರಿಸಿಕೊಂಡರು, ರೈತನನ್ನು ಒಳಗೂ ಕರೆದುಕೊಂಡು ಹೋದರು. ವಿಡಿಯೊ ಊರೆಲ್ಲ ಹರಿದಾಡಿದ ಮೇಲೆ ಮೆಟ್ರೊ ನಿಗಮ ವಿಷಾದ ಹೇಳಿ, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ದೊಡ್ಡಕಲ್ಲಸಂದ್ರದಲ್ಲಿ ಅಂಗಿಯ ಗುಂಡಿ ಹಾಕಿಲ್ಲವೆಂದು ಒಬ್ಬ ಕೂಲಿಯವನನ್ನು ತಡೆದರೆಂಬ ಸುದ್ದಿಯೂ ಬಂತು. ಕುಡಿದಿರಬಹುದೆಂಬ ಅನುಮಾನದಿಂದ ನಿಲ್ಲಿಸಿ ಆಮೇಲೆ ಬಿಟ್ಟೆವು ಎಂದು ನಿಗಮ ವಿವರಣೆ ಕೊಟ್ಟಿತು.

ರಾಜಾಜಿನಗರದ ಆ ವಿಡಿಯೊ ನೋಡುವಾಗ ನನಗೆ ನೆನಪಾದದ್ದು ನಮ್ಮ ಅಬ್ಬಾ. ನಮ್ಮದು ರಾಮನಗರ. ಅಬ್ಬಾ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ಆ ಕೆಲಸ ಕಂಡವರಿಗೆ ಅದರ ವಾಸನೆ ಗೊತ್ತು. ಕುದಿವ ನೀರಿನಲ್ಲಿ ಬೆಂದ ಹುಳುವಿನ ವಾಸನೆ ಒಮ್ಮೆ ಬಟ್ಟೆಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ, ಅತ್ತರಿಗೂ ಬಗ್ಗುವುದಿಲ್ಲ. ನೂಲು ಮಾರಲು ಅಬ್ಬಾ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದರು. ರಜೆಯಿದ್ದರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಒಮ್ಮೆ ನಾನು ಮೂಗು ಮುಚ್ಚಿಕೊಂಡು, ಬೇರೆ ಅಂಗಿ ಹಾಕಿಕೊಳ್ಳಬಾರದಾ ಎಂದು ಕೇಳಿದ್ದಕ್ಕೆ ಅವರು ನಕ್ಕು, "ಕಾಮ್ ಕೇ ಕಪ್ಡೇ ಹೈ ಬೇಟಾ, ಮೈಲೇ ನೈ" ಅಂದಿದ್ದರು. ಕೆಲಸದ ಬಟ್ಟೆ ಮಗಳೇ ಇದು, ಕೊಳಕಲ್ಲ.

ಆ ರೈಲಿನಲ್ಲಿ ಅಬ್ಬಾನ ವಾಸನೆಯೊಂದೇ ಇರಲಿಲ್ಲ. ಹಾಲಿನ ಕ್ಯಾನು, ತರಕಾರಿ ಮೂಟೆ, ಮದ್ದೂರು ವಡೆಯ ಬುಟ್ಟಿ, ಬೀಡಿ, ಮಲ್ಲಿಗೆ, ಬೆವರು, ಎಲ್ಲ ಸೇರಿ ಬಿಡದಿ, ಕೆಂಗೇರಿ ದಾಟುವಷ್ಟರಲ್ಲಿ ಅದೊಂದು ಮಿಶ್ರ ವಾಸನೆಯಾಗಿಬಿಡುತ್ತಿತ್ತು. ಯಾರಾದರೂ ಮುಖ ಸಿಂಡರಿಸಿದರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದರು, ಅಷ್ಟೆ. ಅಲ್ಲಿ ಎಲ್ಲವೂ ಚೆಂದವಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಕಕ್ಕಸು ಗಬ್ಬು ನಾರುತ್ತಿತ್ತು, ಹೆಂಗಸರು ಗುಂಪಿನಲ್ಲಿ ನಿಂತು ಪಡಬಾರದ ಪಾಡು ಪಡುತ್ತಿದ್ದರು. ಇವತ್ತು ಮೆಟ್ರೊದ ಮೊದಲ ಬೋಗಿಯನ್ನು ಹೆಂಗಸರಿಗೆಂದೇ ಬಿಟ್ಟಿದ್ದಾರೆ, ನೆಲ ಹೊಳೆಯುತ್ತದೆ, ರೈಲು ಹೊತ್ತಿಗೆ ಬರುತ್ತದೆ. ಇದೆಲ್ಲ ನನಗೆ ಬೇಕು. ಆದರೆ ಹೊಳೆಯುವ ನೆಲಕ್ಕೆ ಒಂದು ಗುಣವಿದೆ. ಅದು ನೋಡುವವರ ಕಣ್ಣನ್ನೂ ಬದಲಿಸಿಬಿಡುತ್ತದೆ. ಇಲ್ಲಿಗೆ ಇಂಥವರೇ ಬರಬೇಕು ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಆದರೂ ಕಣ್ಣು ತಾನೇ ಒಂದು ನಿಯಮ ಬರೆದುಕೊಂಡು ಕಾವಲಿಗೆ ನಿಲ್ಲುತ್ತದೆ.

ರೈಲು ಮತ್ತು ಟಿಕೆಟ್ಟಿನ ಮಾತು ಬಂದಾಗ ನೆನಪಾಗುವ ಇನ್ನೊಂದು ನಿಲ್ದಾಣ ಬಹಳ ದೂರದ್ದು. 1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಗಾಂಧಿಯವರನ್ನು ರೈಲಿನಿಂದ ಹೊರದಬ್ಬಿದ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವರು ಆ ದೇಶಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಮೊಕದ್ದಮೆಯ ಕೆಲಸಕ್ಕೆ. ಮೊದಲ ದರ್ಜೆಯ ಟಿಕೆಟ್ಟೂ ಅವರ ಕಡೆಯಿಂದಲೇ ಸಿಕ್ಕಿತ್ತು. ಟಿಕೆಟ್ ಸರಿಯಾಗಿತ್ತು, ಮೈಬಣ್ಣ ಸರಿಯಿರಲಿಲ್ಲ. ಈ ಕತೆಯಲ್ಲಿ ನಾವು ಹೆಚ್ಚು ಗಮನಿಸದ ಒಂದು ಸಂಗತಿ ಗಾಂಧಿಯವರ ಆತ್ಮಕಥೆಯಲ್ಲೇ ಇದೆ. ಅಧಿಕಾರಿಗಳು ತಾವಾಗಿಯೇ ಬಂದವರಲ್ಲ. ಡಬ್ಬಿಗೆ ಬಂದ ಒಬ್ಬ ಪ್ರಯಾಣಿಕ ಇವರನ್ನು ಮೇಲಿಂದ ಕೆಳಗೆ ನೋಡಿ, ಹೊರಗೆ ಹೋಗಿ, ಅಧಿಕಾರಿಗಳನ್ನು ಕರೆತಂದ.

ಅಲ್ಲಿ ಒಬ್ಬ ಸಹಪ್ರಯಾಣಿಕ ಅಧಿಕಾರಿಯನ್ನು ಕರೆದು ತಂದ. ರಾಜಾಜಿನಗರದಲ್ಲಿ ಸಹಪ್ರಯಾಣಿಕರು ತಡೆದವರಿಗೆ ಎದುರು ನಿಂತರು. ಎರಡು ಕಡೆಯೂ ಟಿಕೆಟ್ ಇತ್ತು, ಎರಡು ಕಡೆಯೂ ತಡೆಯುವವರಿದ್ದರು. ವ್ಯತ್ಯಾಸವಾದದ್ದು ಪಕ್ಕದಲ್ಲಿದ್ದವರಿಂದ. ಹಕ್ಕು ಟಿಕೆಟ್ಟಿನಲ್ಲಿದೆ, ಸಂವಿಧಾನದಲ್ಲಿದೆ ಎನ್ನುತ್ತೇವೆ. ನಿಜವೇ. ಆದರೆ ತಪಾಸಣೆಯ ಮೇಜಿನ ಮುಂದೆ, ಹಿಂದೆ ಐವತ್ತು ಜನ ಗಡಿಯಾರ ನೋಡುತ್ತಾ ನಿಂತಿರುವಾಗ, ಒಂಟಿಯಾಗಿ ನಿಂತವನಿಗೆ ಆ ಹಕ್ಕು ಬಾಯಿಗೆ ಬರುವುದಿಲ್ಲ. ಅದನ್ನು ಅವನ ಪರವಾಗಿ ಇನ್ನೊಬ್ಬರು ಹೇಳಬೇಕಾಗುತ್ತದೆ.

ಇದು ನನ್ನ ಮನೆಯೊಳಗಿನ ಅನುಭವವೂ ಹೌದು. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಈದ್ ಮುಗಿಸಿ ಊರಿನಿಂದ ವಾಪಸ್ ಬರುವಾಗ, ಯಾವುದೋ ಒಂದು ನಿಲ್ದಾಣ, ಹೆಸರು ಬೇಡ, ಅಲ್ಲಿ ಅವನ ಚೀಲ ಬಿಚ್ಚಿಸಿದರು. ಗಡ್ಡವಿದೆ, ತಲೆಯ ಮೇಲೆ ಟೋಪಿ ಹಾಗೆಯೇ ಇತ್ತು, ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಬಿರಿಯಾನಿಯ ಡಬ್ಬಿ. ಚೀಲವನ್ನು ಒಮ್ಮೆ ಬಿಚ್ಚಿಸಿ, ಕಟ್ಟಿಸಿ, ಮತ್ತೆ ಬಿಚ್ಚಿಸಿದರು. ಡಬ್ಬಿಯ ಮುಚ್ಚಳ ತೆಗೆಸಿದರು. ಮೂರನೇ ಸಲಕ್ಕೆ ಹುಡುಗನ ಕೈ ನಡುಗತೊಡಗಿತಂತೆ. ಆಗ ಅವನ ಹಿಂದೆ ನಿಂತಿದ್ದ ವಯಸ್ಸಾದವರೊಬ್ಬರು ತಮ್ಮ ಚೀಲವನ್ನು ಮೇಜಿನ ಮೇಲಿಟ್ಟು, "ನಂದೂ ಬಿಚ್ಚಿ ನೋಡ್ರಪ್ಪ. ಎಲ್ಲರದ್ದೂ ಮೂರು ಮೂರು ಸಲ ನೋಡಿ. ತಡ ಆದ್ರೆ ಎಲ್ಲರಿಗೂ ಆಗ್ಲಿ" ಅಂದರಂತೆ. ಅಷ್ಟೇ. ಇಬ್ಬರನ್ನೂ ಹೋಗಿ ಎಂದು ಕೈ ಬೀಸಿದರು. "ಖಾಲಾ, ಶುಕ್ರಿಯಾ ಹೇಳೋಣ ಅಂತ ತಿರುಗಿದ್ರೆ ಅವರು ನನ್ನ ಕಡೆ ನೋಡ್ಲೇ ಇಲ್ಲ, ರೈಲು ಬಂತು ಅಂತ ಓಡಿಹೋದ್ರು" ಎಂದ ಅವನು.

ಆ ಹಿರಿಯರು ಭಾಷಣ ಮಾಡಲಿಲ್ಲ, ಇವನು ಒಳ್ಳೆಯ ಹುಡುಗ ಎಂದು ಪ್ರಮಾಣಪತ್ರವನ್ನೂ ಕೊಡಲಿಲ್ಲ. ಅವರಿಗೆ ಇವನು ಯಾರೆಂದೇ ಗೊತ್ತಿರಲಿಲ್ಲ. ತಪಾಸಣೆ ಬೇಡವೆಂದೂ ಅವರು ಹೇಳಲಿಲ್ಲ. ಮಾಡುವುದಾದರೆ ಎಲ್ಲರಿಗೂ ಒಂದೇ ರೀತಿ ಮಾಡಿ ಎಂದರು. ನನ್ನಂಥವಳಿಗೆ ಬೇಕಾದದ್ದೂ ಅಷ್ಟೆ. ಪರದೆಯ ಹಿಂದೆ ನಿಂತು ಕೈ ಚಾಚುವುದಕ್ಕೆ ನನ್ನ ತಕರಾರಿಲ್ಲ. ನನ್ನ ಮುಂದಿನವಳಿಗೆ ಎಷ್ಟು ಹೊತ್ತೋ ನನಗೂ ಅಷ್ಟೇ ಹೊತ್ತು ಇರಲಿ.

ತಪಾಸಣೆ ಮಾಡುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಇಂಥ ಕಡೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಪರಿಚಯ ನನಗಿದೆ. ಬೆಳಗಿನಿಂದ ನಿಂತೇ ಇರುವ ಕೆಲಸ. ರಾಜಾಜಿನಗರದ ವಿಷಯ ಎತ್ತಿದಾಗ ಅವಳು, "ಬಿಟ್ರೆ ಯಾಕ್ ಬಿಟ್ಟೆ ಅಂತಾರೆ, ಬಿಡ್ದಿದ್ರೆ ಯಾಕ್ ಬಿಡ್ಲಿಲ್ಲ ಅಂತಾರೆ. ನಮ್ಮಪ್ಪನೂ ಹೊಲದವ್ನೇ ಮೇಡಂ" ಅಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ರೈತನನ್ನು ತಡೆಯುವ ಕೈಯೂ ರೈತನ ಮನೆಯದೇ ಆಗಿರಬಹುದು. ಆದ್ದರಿಂದ ಸಹಪ್ರಯಾಣಿಕರು ದನಿ ಎತ್ತುವುದೆಂದರೆ ಬಡ ಕಾವಲಿನವನ ಮೇಲೆ ಹರಿಹಾಯುವುದಲ್ಲ. ನಿಯಮ ಏನಿದೆ ಎಂದು ಕೇಳುವುದು. ಕಾವಲಿನವರಿಗೂ ಅದರಿಂದ ಅನುಕೂಲವೇ. ಒಬ್ಬನ ಮುಖ ನೋಡಿ ತೀರ್ಮಾನಿಸುವ ಹೊರೆ ಅವರ ತಲೆಯಿಂದ ಇಳಿಯುತ್ತದೆ.

ಇನ್ನೊಂದು ಗೇಟಿದೆ. ಅಲ್ಲಿ ಸಹಪ್ರಯಾಣಿಕರ ಮಾತು ನಡೆಯುವುದಿಲ್ಲ. ಅದು ದುಡ್ಡಿನ ಗೇಟು. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ. ನಮ್ಮ ಬೀದಿಯ ಮನೆಗೆಲಸದ ಹೆಂಗಸರು ಲೆಕ್ಕ ಹಾಕಿ ಬಸ್ಸಿಗೇ ವಾಪಸಾದರು. ಒಂದು ಗಂಟೆ ಮುಂಚೆ ಎದ್ದರಾಯಿತು ಬಿಡಿ ಎನ್ನುತ್ತಾರೆ. ಅವರನ್ನು ಯಾರೂ ಕೈ ಅಡ್ಡ ಹಿಡಿದು ತಡೆಯಲಿಲ್ಲ, ಯಾರೂ ವಿಡಿಯೊ ಮಾಡಲಿಲ್ಲ. ಸಾಲಿನಿಂದ ಸದ್ದಿಲ್ಲದೆ ಕಾಣೆಯಾದರು, ಅಷ್ಟೆ. ಹೆಂಗಸರ ಬೋಗಿಯಲ್ಲಿ ಪಕ್ಕಕ್ಕೆ ಯಾರು ಕೂತಿದ್ದಾರೆ ಎಂದು ನೋಡುವಾಗ ಯಾರು ಕೂತಿಲ್ಲ ಎಂಬುದನ್ನೂ ನಾವು ನೋಡಬೇಕು.

ಹಾಗೆಂದು ಸಾಲು ಪೂರ್ತಿ ಒಡೆದುಹೋಗಿಲ್ಲ. ಮಂಗಳವಾರ ಮಧ್ಯಾಹ್ನ ಶಾಲೆ ಬೇಗ ಬಿಟ್ಟ ದಿನ ನಾನು ವಾಪಸ್ ಬರುವಾಗ ರೈಲಿನ ತುಂಬ ನಿಂಬೆಹಣ್ಣಿನ ಪರಿಮಳವಿರುತ್ತದೆ. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಸಿಪ್ಪೆಯ ದೀಪ ಹಚ್ಚಲು ಹೋಗುವ ಹೆಂಗಸರು ಅವರು. ಒಂದು ದಿನ ಹೊರಗೆ ಹೋಗುವ ಗೇಟಿನ ಹತ್ತಿರ ಮುಂದಿದ್ದ ಹೆಂಗಸಿಗೆ ಟೋಕನ್ ಸಿಗದೆ, ಸಾಲು ನಿಂತುಹೋಯಿತು. ಹಿಂದಿನವರು ಗೊಣಗತೊಡಗಿದರು. ಅವಳು ತಿರುಗಿ ಪೂಜೆಯ ಬುಟ್ಟಿಯನ್ನು ನನ್ನ ಕೈಗೇ ಕೊಟ್ಟು, "ಒಸಿ ಹಿಡ್ಕೊಳ್ರಮ್ಮ" ಎಂದು ಸೆರಗಿನ ಗಂಟು ಬಿಚ್ಚತೊಡಗಿದಳು. ನನ್ನ ಬುರ್ಖಾ ಅವಳಿಗೆ ಕಾಣಲಿಲ್ಲವೆಂದಲ್ಲ. ಕಂಡಿತ್ತು. ಆದರೆ ಆ ಗಳಿಗೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಹಿಂದೆ ನಿಂತವರ ಎರಡು ಕೈ. ಟೋಕನ್ ಸಿಕ್ಕಿತು, ಬುಟ್ಟಿ ವಾಪಸ್ ಹೋಯಿತು, ಗೇಟು ತೆರೆಯಿತು.

ನಮ್ಮ ನಡುವೆ ಸೌಹಾರ್ದದ ಬಗ್ಗೆ ಬಹಳ ಭಾಷಣಗಳಾಗುತ್ತವೆ. ವೇದಿಕೆಯ ಮೇಲೆ ಕೈಕೈ ಹಿಡಿದು ಫೋಟೊ ತೆಗೆಸಿಕೊಳ್ಳುತ್ತೇವೆ. ನಿಲ್ದಾಣ ಕೇಳುವುದು ಅಷ್ಟು ದೊಡ್ಡದನ್ನಲ್ಲ. ನಾಳೆ ನಿಮ್ಮ ಮುಂದೆ ನಿಂತವರನ್ನು, ಅವರ ಬಟ್ಟೆಗೋ ಗಡ್ಡಕ್ಕೋ ಗಂಟಿಗೋ, ಯಾರಾದರೂ ತಡೆದರೆ ಒಂದು ರೈಲು ಬಿಟ್ಟರೂ ಚಿಂತೆಯಿಲ್ಲ ಎಂದು ನಿಂತುಕೊಳ್ಳಿ. ಯಾಕೆ ತಡೆದಿರಿ ಎಂದು ಮೆಲ್ಲಗೆ ಕೇಳಿ. ಇನ್ನೊಂದು ರೈಲು ಹೇಗೂ ಸ್ವಲ್ಪ ಹೊತ್ತಿಗೆ ಬಂದೇ ಬರುತ್ತದೆ.