ಸಾರಥಿಯಿಲ್ಲದ ರಥವೂ ಪುಣಜನೂರಿನ ಆನೆಯೂ

ಚಾಲಕನಿಲ್ಲದೆ ತಾನೇ ಓಡುವ ಮೋಟಾರು ಗಾಡಿಯ ಸುದ್ದಿಯನ್ನು ಓದಿದಾಗ ಕನ್ನಡ ಅಧ್ಯಾಪಕನಾದ ನನಗೆ ಪುಷ್ಪಕ ವಿಮಾನ ನೆನಪಾಗಬೇಕು. ನೆನಪಾಗುವುದು ಮಾತ್ರ ಪುಣಜನೂರಿನ ರಸ್ತೆ. ಪುಷ್ಪಕಕ್ಕೆ ಆಕಾಶಮಾರ್ಗದಲ್ಲಿ ಆನೆಯ ಕಾಟವಿರಲಿಲ್ಲ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿ ಪುಣಜನೂರಿನ ತನಿಖಾ ಠಾಣೆಯನ್ನು ದಾಟಿ, ಹಾಸನೂರಿನ ಮೂಲಕ ಸಾಗಿ, ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯುತ್ತದೆ. ಗಡಿಯ ಕಾರಪಳ್ಳದ ಬಳಿ ಇನ್ನೊಂದು ಠಾಣೆಯುಂಟು, ಅದು ಆನೆಗಳದು. ಕಬ್ಬಿನ ಲಾರಿಯನ್ನು ಅಡ್ಡಗಟ್ಟಿ, ಸೊಂಡಿಲು ಚಾಚಿ, ತಮ್ಮ ಪಾಲನ್ನು ಎಳೆದುಕೊಂಡು ಅವು ಸಾವಕಾಶವಾಗಿ ಸರಿಯುತ್ತವೆ. ರಸೀದಿ ಕೊಡುವ ಪದ್ಧತಿಯಿಲ್ಲ.

ಒಮ್ಮೆ ಬಸ್ಸಿನಲ್ಲಿ ಚಾಲಕರ ಹಿಂದಿನ ಆಸನದಲ್ಲಿ ಕುಳಿತಿದ್ದೆ. ಎದುರಿನಿಂದ ಬಂದ ಲಾರಿ ಎರಡು ಸಲ ದೀಪ ಮಿನುಗಿಸಿತು. ಅದರ ಚಾಲಕ ಕಿಟಕಿಯಿಂದ ಕೈ ಹೊರಚಾಚಿ ಏನೋ ಸನ್ನೆ ಮಾಡಿದ. ನಮ್ಮವರು ವೇಗ ತಗ್ಗಿಸಿ, "ಮುಂದ ಆನ ನಿಂತದ ಮೇಷ್ಟ್ರೇ, ಸುಮ್ನ ಕೂತ್ಕಳಿ" ಎಂದರು. ಎರಡು ತಿರುವು ಕಳೆದ ಮೇಲೆ ಆನೆ ನಿಂತೇ ಇತ್ತು!

ವಾಹನ ವಾಹನದೊಡನೆ ಮಾತನಾಡಬೇಕೆಂದು ವಿಜ್ಞಾನಿಗಳು ಬಹುಕಾಲದಿಂದ ಶ್ರಮಿಸುತ್ತಿರುವುದು ಇದಕ್ಕಾಗಿಯೇ ಅಲ್ಲವೆ? ಅಮೆರಿಕದ ಸರ್ಕಾರ 1999ರಲ್ಲಿ ಈ ಸಂಭಾಷಣೆಗೆಂದೇ ಬಾನುಲಿಯ ತರಂಗಪಟ್ಟಿಯೊಂದನ್ನು ಮೀಸಲಿಟ್ಟಿತು. 2020ರಲ್ಲಿ ಅದರ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಪಡೆಯಿತು. ಗಾಡಿ ತಾನಿರುವ ಜಾಗ, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಸುಮಾರು 10 ಬಾರಿ ಸಾರಬೇಕೆಂಬುದು ಅಲ್ಲಿನ ಪ್ರಮಾಣ. ನಡುವೆ ಗೋಪುರ ಬೇಕಿಲ್ಲವಾದ್ದರಿಂದ ಕಾಡಿಗೆ ಒಪ್ಪುವ ವಿದ್ಯೆಯೇ. ಆದರೆ ಆನೆ ಏನನ್ನೂ ಸಾರುವುದಿಲ್ಲ. ಅದನ್ನು ಕಂಡ ಗಾಡಿಯೇ ಅದರ ಪರವಾಗಿ ಹೇಳಬೇಕು. ಹೇಳಲು ಮೊದಲು ಗುರುತಿಸಬೇಕು.

ಗುರುತಿಸುವ ವಿದ್ಯೆಯನ್ನು ಯಂತ್ರ ಚಿತ್ರಗಳಿಂದ ಕಲಿಯುತ್ತದೆ. ಬಹುಮಟ್ಟಿಗೆ ಜರ್ಮನಿಯ ನಗರಗಳಲ್ಲಿ ತೆಗೆದು 2016ರಲ್ಲಿ ಪ್ರಕಟಿಸಿದ ಪ್ರಸಿದ್ಧ ಚಿತ್ರಸಂಗ್ರಹವೊಂದರಲ್ಲಿ ಪ್ರಾಣಿಗೆ ಪ್ರತ್ಯೇಕ ವರ್ಗವೇ ಇಲ್ಲ. ಕಸದ ಡಬ್ಬಿ, ಕೈಚೀಲಗಳ ಜೊತೆಗೆ ಅದೂ 'ಚಲಿಸಬಲ್ಲ ಇತರ ವಸ್ತು'. ಗಜೇಂದ್ರನಿಗೆ ಇಂಥ ಅವಮಾನ! ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಬೆಂಗಳೂರು, ಹೈದರಾಬಾದುಗಳ ಬೀದಿಗಳಿಂದ 10,000 ಚಿತ್ರಗಳನ್ನು ಕೂಡಿಸಿ, ಆಟೋರಿಕ್ಷಾಕ್ಕೂ ಪ್ರಾಣಿಗೂ ಬೇರೆ ಬೇರೆ ಸ್ಥಾನ ಕೊಟ್ಟಿತು. ಅದೇ ಊರಿನ ಐ.ಐ.ಟಿ.ಯಲ್ಲಿ 2022ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಚಾಲಕರಹಿತ ವಾಹನಗಳ ಪರೀಕ್ಷಾಂಗಣ ತೆರೆಯಿತು. ಅಲ್ಲಿ ಕೃತಕ ಮಳೆ ಸುರಿಸಿಯೂ ಪರೀಕ್ಷಿಸಬಹುದು. ಕೃತಕ ಆನೆಯನ್ನೂ ಒಂದು ನಿಲ್ಲಿಸಿದರೆ ನಮ್ಮ ಕಡೆಯವರಿಗೆ ಸಮಾಧಾನ.

ನನಗಿರುವ ಅಂಜಿಕೆ ಬೇರೆ. ಗುಂಡ್ಲುಪೇಟೆಯಿಂದಾಚೆ ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಗಾಡಿಗೆ ಸಿಕ್ಕಿ ಸತ್ತ ಮೃಗಗಳ ಋಣ ಆ ಗೇಟಿನ ಮೇಲಿದೆ. ನಾಳೆ ಯಾರಾದರೂ ಬಂದು, "ನಮ್ಮ ಗಾಡಿಗೆ ಇರುಳಿನಲ್ಲೂ ಕಣ್ಣು ಕಾಣುತ್ತದೆ, ಗೇಟು ತೆಗೆಯಿರಿ" ಎಂದರೆ? ಕಾಡಿಗೆ ಇರುಳಲ್ಲಿ ಬೇಕಾದದ್ದು ಚುರುಕುಗಣ್ಣಿನ ಗಾಡಿಯಲ್ಲ, ಗಾಡಿಯೇ ಇಲ್ಲದ ಒಂಬತ್ತು ಗಂಟೆ. ಇದನ್ನು ಯಾವ ಪ್ರಮಾಣಗ್ರಂಥದಲ್ಲಿ ಬರೆಯುವುದೋ!

ಚಾಲಕರ ಅನ್ನದ ಪ್ರಶ್ನೆಯೂ ಇದೆ. ಅವರ ಕೆಲಸ ಹೋಗುವುದೆಂದೇ ಇಂಥ ಕಾರುಗಳನ್ನು ಭಾರತಕ್ಕೆ ಬರಗೊಡೆನೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2023ರ ಡಿಸೆಂಬರಿನಲ್ಲಿ ನುಡಿದರು. ನಾಗಪುರದಲ್ಲಿ 2021ರಲ್ಲಿ ಆರಂಭವಾದ ಯೋಜನೆಯ ದಾರಿ ನನಗೆ ಹಿಡಿಸಿತು: ನಗರದ ಬಸ್ಸುಗಳಲ್ಲಿ ಯಂತ್ರ ಅಪಾಯವನ್ನು ಕಂಡು ಎಚ್ಚರಿಸುತ್ತದೆ, ಚಕ್ರ ಹಿಡಿದವನು ಮನುಷ್ಯನೇ. ಅಂಥ ಬಸ್ಸು ಪುಣಜನೂರಿನ ದಾರಿಗೆ ಬರುವುದಾದರೆ ಅದರ ಯಂತ್ರಕ್ಕೆ ಪಾಠ ಹೇಳಲು ಕಬ್ಬಿನ ಲಾರಿಯ ಚಾಲಕರನ್ನೇ ಕರೆಯಲಿ. ನಮ್ಮ ಕಾಲೇಜಿನಲ್ಲಿ ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು ಗೌರವಧನ ಕೊಟ್ಟು.